ಕೋಳಿ ಕೂಗದ ಕೋಣೆ

ಬಿಳಿ ಏರುತ್ತಿದೆ, ಪೈಪಿನ ಬಾಗು ದಾಟಿ ಈಗ ಮೇಲಕ್ಕೆ, ಮೊದಲು ಬರೀ ಬೆವರು ಇದ್ದದ್ದು, ಆಮೇಲೆ ತೆಳ್ಳಗೆ ಮಂಜು, ಈಗ ಬೆರಳಿಟ್ಟರೆ ಅಂಟಿಕೊಳ್ಳುವಂಥ ಹಿಮ — ಒಡೆರಾ ಬೆರಳಿಡಲಿಲ್ಲ. ಬೇರೆ ಕಡೆಯಾಗಿದ್ದರೆ ಇಡುತ್ತಿದ್ದ, ಮೊಂಬಾಸಾದಲ್ಲಿ, ತಿಕಾದಲ್ಲಿ, ಶೈತ್ಯಾಗಾರ ಕಟ್ಟಿ ಯಂತ್ರ ಚಾಲೂ ಮಾಡಿದ ಪ್ರತಿ ಊರಿನಲ್ಲೂ ಮೊದಲ ಹಿಮ ಕೆರೆದು ಪಕ್ಕದವನ ಕತ್ತಿಗೆ ಸವರಿ ನಗುವುದು ಅವನ ಚಾಳಿ, ಇಲ್ಲಿ, ಸ್ವಂತ ಊರಿನ ಸರೋವರದ ದಂಡೆಯಲ್ಲಿ, ಯಾರ ಕತ್ತಿಗೆ ಸವರುವುದು, ಸವರಬೇಕೆಂದುಕೊಂಡಿದ್ದ ಕತ್ತು ಈಗ ಪಟ್ಟಣದ ಆಸ್ಪತ್ರೆಯ ದಿಂಬಿನ ಮೇಲಿದೆ. ದೊಡ್ಡಪ್ಪ. ಅಪ್ಪ ಸತ್ತ ಮೇಲೆ ಅನ್ನ ಹಾಕಿದವನು, ದೋಣಿಗೆ ಕೂರಿಸಿಕೊಂಡವನು, ಈಜು ಬಾರದ ಹುಡುಗನನ್ನು ನೀರಿಗೆ ತಳ್ಳಿ ತಾನೂ ಧುಮುಕಿದವನು — ಬೆಳಗ್ಗೆ ನಾಲ್ಕು ಜನ ಅವನನ್ನು ಹೊತ್ತು ಪಿಕಪ್ಪಿನಲ್ಲಿ ಮಲಗಿಸಿದರು, ಮಗಳು ಅಕೆಯೊ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ನೀನೂ ಬಾ ಅಣ್ಣ ಅಂದಳು, ಯಂತ್ರ ಶುರು ಮಾಡೋದಿದೆ ಅಂದ, ಅಂದುಬಿಟ್ಟ, ಯಂತ್ರವಂತೆ. ಅದರ ಸದ್ದು ಸಮನಾಗಿದೆ, ಕಿವಿ ತಾನಾಗಿಯೇ ಕೇಳಿಸಿಕೊಳ್ಳುತ್ತದೆ, ಎಣ್ಣೆಯ ಒತ್ತಡ ಸರಿ, ಅಮೋನಿಯಾ ಎಲ್ಲೂ ಸೋರುತ್ತಿಲ್ಲ, ಸೋರಿದರೆ ಮೂಗೇ ಹೇಳುತ್ತದೆ, ಮರ್ಯಾದಸ್ಥ ವಿಷ ಅದು, ಕೂಗಿಕೊಂಡು ಬರುತ್ತದೆ, ಕಣ್ಣಲ್ಲಿ ನೀರು ತರಿಸಿ ಓಡಿಸುತ್ತದೆ, ಕೂಗದೆ ಬರುವುದು ಇನ್ನೊಂದು — ಬೇಡ. ಕೋಣೆಯ ಮೀಟರು ನೋಡು. ಇಪ್ಪತ್ತನಾಲ್ಕು ಡಿಗ್ರಿ ಇದ್ದದ್ದು ಹತ್ತೊಂಬತ್ತಕ್ಕೆ ಬಂದಿದೆ, ಇವತ್ತಿಗೆ ಇಷ್ಟು ಸಾಕು, ಇನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತ ಹೋಗಬೇಕು, ಆತುರಪಟ್ಟರೆ ನೆಲದ ಕಾಂಕ್ರೀಟು ಬಿರಿಯುತ್ತದೆ, ಕಾಂಕ್ರೀಟಿಗೆ ಏನಾಗುತ್ತದೆ ಅವನಿಗೆ ಗೊತ್ತು, ತಗಡಿಗೆ ಏನಾಗುತ್ತದೆ, ರಬ್ಬರಿಗೆ ಏನಾಗುತ್ತದೆ, ಎಲ್ಲ ಬಾಯಿಪಾಠ, ಮನುಷ್ಯನಿಗೆ ಏನಾಗುತ್ತದೆ ಅನ್ನುವುದು ಮಾತ್ರ ಬೇಕಾದ ಹೊತ್ತಿಗೆ ತಲೆಗೆ ಬರಲಿಲ್ಲ. ಕಣ್ಣು ಮುಚ್ಚಿದರೆ ಕತ್ತಲೆ ಬರಬೇಕು, ಹಸಿರು ಬರುತ್ತದೆ, ಬಾಗಿಲ ಒಳಮೈಯಲ್ಲಿ ಹೊಳೆಯುವ ಹಸಿರು ಗುಂಡಿ, ಅದರ ಕೆಳಗೆ ಒಂದು ಗೇಣು ಬಿಟ್ಟು ಒಂದು ಕೈ. ಅದಕ್ಕೇ ಅವನು ಕಣ್ಣು ಮುಚ್ಚದೆ ನಿಂತಿದ್ದಾನೆ.

ಮುತೂರಿ ಬಂದು ಹೆಗಲು ತಟ್ಟಿದ, ನೈರೋಬಿಯಿಂದ ಕಂಪನಿ ಕಳಿಸಿದ ಇಂಜಿನಿಯರ್, ಕೆಟ್ಟವನಲ್ಲ, ಬೆಳಗ್ಗೆ ಬಂದವನೇ ಸುದ್ದಿ ಕೇಳಿ ಟೋಪಿ ತೆಗೆದು ನಿಂತವನು, ವಯಸ್ಸಾದವರು ಪಾಪ, ಬಿಪಿ ಇರಬೇಕು ಅಂದವನು, ಗ್ಯಾಸ್ ಏನಾದ್ರೂ, ಅಂತ ಅರ್ಧ ಕೇಳಿದ್ದಕ್ಕೆ ಒಡೆರಾ, ಇಲ್ಲ ಸರ್, ಗ್ಯಾಸು ಇನ್ನೂ ಪೈಪಿಗೆ ಬಿಟ್ಟೇ ಇರ್ಲಿಲ್ಲ ಅಂದಿದ್ದ, ಅದು ನಿಜ, ಎಂಥ ಚೊಕ್ಕ ನಿಜ, ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ. ಈಗ ಮುತೂರಿ ಸದ್ದಿನ ಮೇಲೆ ದನಿ ಎತ್ತಿ ಹೇಳುತ್ತಿದ್ದಾನೆ, ಬಹಳ ಕೋಣೆ ನೋಡಿದ್ದೀನಿ ಕಣಯ್ಯ, ಇಷ್ಟು ಬಿಗಿಯಾದ್ದು ನೋಡಿಲ್ಲ, ಬಾಗಿಲು ತೆಗೆದ್ರೆ ಉಸಿರು ಬಿಟ್ಟ ಹಾಗೆ ಸದ್ದು ಬರುತ್ತೆ. ಹೌದು ಸರ್. ಆ ಬಿಗಿ ಸುಮ್ಮನೆ ಬಂದದ್ದಲ್ಲ, ಹೊರಗೆ ಉರಿಬಿಸಿಲಿರುವಾಗ ಒಳಗೆ ನಿಂತು ಬಾಗಿಲು ಹಾಕಿಸಿ ದೀಪ ಆರಿಸುವುದು, ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಗೋಡೆಯ ಸಂದಿನಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿಗೆ ಅಂಟು ತುಂಬುವುದು, ತಲೆಯಲ್ಲಿ ಹೇನು ಹುಡುಕುವ ಹಾಗೆ ಒಂದೊಂದನ್ನೇ ಹುಡುಕಿ ಮುಚ್ಚಿದ, ಕೊನೆಗೆ ಅಂಗೈ ಮೂಗಿನ ಮುಂದಿಟ್ಟುಕೊಂಡರೂ ಕಾಣದಂಥ ಕತ್ತಲೆಯಾದಾಗ ಅಲ್ಲೇ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದ್ದ, ಯಾರಿಗೆ ತಟ್ಟಿದೆಯೋ ಮೂರ್ಖ. ಒಂದೇ ಒಂದು ತೂತು ಬೇಕೆಂದೇ ಬಿಟ್ಟದ್ದು, ಗೋಡೆಯ ಮೇಲ್ಗಡೆ, ಅಂಗೈಯಗಲ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದಾಗ ಹೊರಗಿನ ಗಾಳಿ ಹೋಗಲಿ, ಗೋಡೆ ಒಳಕ್ಕೆ ಜಗ್ಗದಿರಲಿ ಅಂತ, ಅದಕ್ಕೂ ಟೇಪು ಹಚ್ಚಿದ್ದ, ಸರೋವರದ ನುಸಿ ಮೋಡದಂತೆ ಎದ್ದು ಬರುವ ಕಾಲ, ನುಗ್ಗಿದರೆ ಗುಡಿಸಿ ಪೂರೈಸುವುದಿಲ್ಲ. ಇವತ್ತು ಬೆಳಗ್ಗೆ ಪಿಕಪ್ಪು ಹೋದ ಮೇಲೆ ಏಣಿ ಹತ್ತಿ ಆ ಟೇಪು ಕಿತ್ತ, ಯಂತ್ರ ಶುರುವಾಗುತ್ತೆ, ಗೋಡೆಗೆ ಉಸಿರು ಬೇಕಲ್ಲ. ಗೋಡೆಗೆ. ಟೇಪು ಉಂಡೆಯಾಗಿ ಜೇಬಿನಲ್ಲೇ ಇದೆ, ಕೈ ಹಾಕಿದರೆ ಬೆರಳಿಗೆ ಅಂಟುತ್ತದೆ.

ಬೆಂಕಿ ಬೇಕೇ ಬೇಕು ಅಂದವಳು ಅಪೊಂಡಿ, ದಂಡೆಯ ಮೇಲೆ ಮೀನು ಮಾರುವ ಹೆಂಗಸರ ಸಂಘದ ಯಜಮಾನಿ, ಈ ಶೈತ್ಯಾಗಾರ ಅವರದ್ದೇ, ಬಿಸಿಲೇರುವ ಮೊದಲು ಲಾರಿಯವನು ಕೇಳಿದ ರೇಟಿಗೆ ಕೊಟ್ಟು, ಉಳಿದದ್ದನ್ನು ನಾಯಿಗೆ ಹಾಕಿ, ನಾಳೆಯ ಮೀನಿಗೆ ದೋಣಿಯವರ ಮುಂದೆ ಹಲ್ಲು ಗಿಂಜುವ ಬಾಳು ಇನ್ನು ಮುಗಿಯಿತು ಅಂತ ಅವಳು ಎಷ್ಟು ಕಚೇರಿ ಮೆಟ್ಟಿಲು ಹತ್ತಿ ತಂದದ್ದು, ಆದರೂ ಹೊಸ ಮನೆ ಹೊಸ ಮನೆಯೇ, ಜಾಗದ ಹಿರಿಯ ಒಂದು ಕೊಡಲಿ, ಒಂದು ಹುಂಜ, ಹಳೇ ಒಲೆಯ ಕೆಂಡ ತಗೊಂಡು ಬಂದು ಒಂದು ರಾತ್ರಿ ಮಲಗದೆ ಅದು ಮನೆಯಲ್ಲ, ಬರೀ ಗೋಡೆ, ಬರೀ ಗೋಡೆಯೊಳಗೆ ನಮ್ಮ ಮಕ್ಕಳ ಅನ್ನ ಇಡಲ್ಲ ಅಂತ ಹೆಂಗಸರೆಲ್ಲ ಒಂದೇ ಪಟ್ಟು. ಚಳಿಗೆ ಅಂತ ಕಟ್ಟಿದ ಮನೆಗೆ ಬೆಂಕಿ ತರ್ತೀಯಲ್ಲ ಅಕ್ಕ, ಅಂತ ಒಡೆರಾ ನಕ್ಕ. ನೀನು ಚಳಿ ಹಾಕ್ಕೋ, ಬೇಡ ಅಂದೋರ್ಯಾರು, ನಾವು ಬೆಚ್ಚಗೆ ಮಾಡಿ ಕೊಡ್ತೀವಿ ಅಂದಳು ಅಪೊಂಡಿ. ಜಾಗ ಕೊಟ್ಟವನು ದೊಡ್ಡಪ್ಪ ಒಬುಯಾ, ಮಲಗಬೇಕಾದವನೂ ಅವನೇ, ಹೆಂಡತಿಯ ಜೊತೆ ಮಲಗಬೇಕು ಅನ್ನುವುದು ಕಟ್ಟಳೆ, ದೊಡ್ಡಮ್ಮ ಹೋಗಿ ಎಷ್ಟೋ ವರ್ಷವಾಯಿತು, ಹೆಂಗಸರು ತಲೆ ಕೆರೆದುಕೊಂಡರು, ದೊಡ್ಡಪ್ಪ ಹುಂಜವನ್ನು ಕಂಕುಳಲ್ಲಿ ಒತ್ತಿ ಹಿಡಿದು, ನಂಗೆ ಇದೇ ಸಾಕು ಬಿಡ್ರಮ್ಮ, ಅವಳಿಗಿಂತ ಕಮ್ಮಿ ಗೊರಕೆ ಹೊಡೆಯುತ್ತೆ ಅಂದ, ನಕ್ಕು ನಕ್ಕು ಅಪೊಂಡಿ ಕೂಡ ಒಪ್ಪಿಕೊಂಡಳು. ಗೋಡೆಯೊಳಗೆ ತುಂಬಿದ ಫೋಮಿಗೆ ಬೆಂಕಿ ಹತ್ತಿದರೆ ದೇವರು ಬಂದರೂ ಆರಿಸಲಾರ, ಒಂದು ಕಡ್ಡಿ ಗೀರಿದರೂ ಅವತ್ತೇ ಗಂಟುಮೂಟೆ ಕಟ್ಟು ಅಂತ ಕಂಪನಿಯ ಮಾತು, ಈ ಶೈತ್ಯಾಗಾರಕ್ಕೆ ಒಡೆರಾನನ್ನೇ ಖಾಯಂ ಮೇಸ್ತ್ರಿ ಮಾಡುವ ಮಾತೂ ಅದರ ಜೊತೆಗೇ ಇದೆ, ಊರೂರು ಅಲೆದದ್ದು ಸಾಕು, ದಂಡೆಯಲ್ಲೇ ಮನೆ, ದೊಡ್ಡಪ್ಪನ ಪಕ್ಕದಲ್ಲೇ — ಮುತೂರಿ ಬರುವುದರೊಳಗೆ ಮುಗಿಸಿಬಿಡೋಣ, ಒಲೆ ಸ್ವಲ್ಪ ಹೊತ್ತು ಇದ್ದರೆ ಸಾಕಲ್ಲ, ನೀವು ಹೋದಮೇಲೆ ನಾನೇ ಎತ್ತಿ ಹೊರಗಿಡ್ತೀನಿ ಅಂದ. ಎಲ್ಲರ ಮುಂದೆ ಹಾಗೆ ಅಂದದ್ದು.

ನಿನ್ನೆ ಸಂಜೆ ಇದ್ದಿಲ ಅಗ್ಗಿಷ್ಟಿಕೆಯ ಮೇಲೆ ಗಂಜಿ ಕಾಯಿಸಿದರು, ಕುಡಿದರು, ಹಾಡಿದರು, ಹೋದರು. ದೊಡ್ಡಪ್ಪ ಚಾಪೆಯ ಮೇಲೆ ಕಾಲು ಚಾಚಿ, ಇರ್ಲಿ ಬಿಡೋ ಆ ಒಲೆ, ನಿನ್ನ ನೆಲ ಹೆಣದ ಹಾಗೆ ತಣ್ಣಗಿದೆ, ಹಿರಿಯನ ಬೆಂಕಿ ಬೆಳಗಿನವರೆಗೆ ಇರ್ಬೇಕು ಅಂದ, ಒಡೆರಾ ಕೈ ಚಾಚಿದವನು ಹಿಂದೆ ಎಳೆದುಕೊಂಡ. ನೈರೋಬಿಯ ತಗಡಿನ ಗೂಡುಗಳಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿ ಏಳದೇ ಹೋದವರ ಸುದ್ದಿ ಅವನು ಕೇಳಿಲ್ಲವೇ, ಕೇಳಿದ್ದಾನೆ, ಒಂದು ಸಲ ನೆನಪೂ ಆಯಿತು, ನೆನಪಾಗಿ ಹೋಯಿತು, ಅದು ಗೂಡು, ಇದು ಹಡಗಿನಂಥ ಕೋಣೆ, ಏನಾಗುತ್ತೆ, ದೊಡ್ಡಪ್ಪ ಹುಟ್ಟಿದಾಗಿನಿಂದ ಒಲೆಯ ಪಕ್ಕ ಮಲಗಿದವನು — ಹುಲ್ಲಿನ ಮಾಡು, ಮಣ್ಣಿನ ಗೋಡೆ, ಅವು ತಾವೇ ಉಸಿರಾಡುತ್ತವೆ, ನಿನ್ನ ಗೋಡೆಯ ಉಸಿರನ್ನು ನೀನೇ ಚುಕ್ಕೆ ಚುಕ್ಕೆಯಾಗಿ ಮುಚ್ಚಿದ್ದೆಯಲ್ಲೋ. ಆದರೆ ಬೆಂಕಿಯ ವಿಷಯದಲ್ಲಿ ಎಷ್ಟು ಜಾಣ, ಅಗ್ಗಿಷ್ಟಿಕೆಯ ಕೆಳಗೆ ಇಟ್ಟಿಗೆ, ಇಟ್ಟಿಗೆಯ ಕೆಳಗೆ ತಗಡು, ನಾಲ್ಕೂ ಗೋಡೆಗೆ ದೂರವಾಗುವ ಹಾಗೆ ನಡುಮಧ್ಯಕ್ಕೆ ಸರಿಸಿದ, ಬಿಳಿ ಗೋಡೆಗೆ ಮಸಿ ಹಿಡಿಯದಿರಲಿ ಅಂತ ಹೊಗೆಯಾಡದ ಕೆಂಡವನ್ನೇ ಆರಿಸಿ ಉಳಿಸಿದ. ಆಮೇಲೆ ಗುಂಡಿ ತೋರಿಸಿದ, ನೋಡು ದೊಡ್ಡಪ್ಪ, ಹೊರಗಿಂದ ಹಾಕಿದ್ರೂ ಒಳಗಿಂದ ತೆಗೀಬಹುದು, ಕತ್ತಲಲ್ಲೂ ಹೊಳೆಯುತ್ತೆ, ಅಂಗೈಯಿಂದ ಜೋರಾಗಿ ತಳ್ಳು. ದೊಡ್ಡಪ್ಪ ತಳ್ಳಿದ, ಬಾಗಿಲು ತೆರೆಯಿತು, ಮಗುವಿನ ಹಾಗೆ ನಕ್ಕ, ಹಾಕೋ, ಇನ್ನೊಂದ್ಸಲ ಅಂದ, ತಳ್ಳಿದ, ಇನ್ನೊಂದ್ಸಲ ಅಂದ. ತೆರೆದೇ ಇರ್ಲಿ ಬಿಡೋ ಅಂದದ್ದೂ ಅವನೇ, ಆ ಮಾತು ಈಗ ಯಂತ್ರದ ಸದ್ದಿಗಿಂತ ದೊಡ್ಡದಾಗಿ ಕೇಳುತ್ತಿದೆ, ತೆರೆದೇ ಇರ್ಲಿ ಬಿಡೋ, ನೀರು ಕಾಣುತ್ತೆ. ಬೇಡ ದೊಡ್ಡಪ್ಪ, ಸೊಳ್ಳೆ ನುಸಿ ಎಲ್ಲಾ ನುಗ್ಗುತ್ತೆ, ನಾನು ಹಾಕ್ತೀನಿ, ಒಂದು ಸೊಳ್ಳೆ ಬಂದ್ರೆ ಕೇಳು, ಆರಾಮಾಗಿ ನಿದ್ದೆ ಮಾಡು. ಪ್ರೀತಿಯಿಂದಲೇ ಅಂದದ್ದು, ಅಯ್ಯೋ, ಪ್ರೀತಿಯಿಂದಲೇ, ಜಂಬವೂ ಇತ್ತು, ಎರಡೂ ಒಂದೇ ಕೈಯಲ್ಲಿದ್ದವು, ಆ ಕೈಯಿಂದ ಹಿಡಿಯನ್ನು ಒತ್ತಿದ, ರಬ್ಬರಿನ ಮೇಲೆ ರಬ್ಬರು ಮೆತ್ತಗೆ ಕೂತಿತು.

ಹುಂಜ ಕೂಗಲಿಲ್ಲ. ಬೆಳಗಿನ ಬೆಳಕು ಹರಿಯುವಾಗ ಒಡೆರಾ ಹೊರಗೆ ಕಟ್ಟೆಯ ಮೇಲೆ ಮಗ್ಗುಲಾಗಿ ಕೇಳುತ್ತಿದ್ದ, ಊರಿನ ಕೋಳಿಗಳೆಲ್ಲ ಕೂಗಿದವು, ದಂಡೆಯ ಆಚೆಯವೂ ಕೂಗಿದವು, ಒಳಗಿನದು ಕೂಗಲಿಲ್ಲ, ಕೂಗುತ್ತಿದೆ, ನನ್ನ ಗೋಡೆ ಬಿಟ್ಟುಕೊಡುತ್ತಿಲ್ಲ ಅಂದುಕೊಂಡ, ನಕ್ಕ ಕೂಡ, ಮಲಗಿದ್ದಲ್ಲೇ, ಒಬ್ಬನೇ, ಎಂಥಾ ಗೋಡೆ ಕಟ್ಟಿದೆ ಒಡೆರಾ, ಅಂತ ಮತ್ತೆ ಹೊದಿಕೆ ಎಳೆದುಕೊಂಡ, ಆ ನಗು ಈಗಲೂ ಮುಖದ ಮೇಲೆ ಎಲ್ಲೋ ಅಂಟಿಕೊಂಡಿದೆ, ಕೆರೆದರೆ ಹೋಗುವುದಿಲ್ಲ. ಆಮೇಲೆ ಎದ್ದು ಬಾಗಿಲು ತೆಗೆದ, ಉಸಿರು ಬಿಟ್ಟ ಹಾಗೆ ಸದ್ದು, ಬಾಗಿಲ ಬುಡದಲ್ಲೇ ದೊಡ್ಡಪ್ಪ, ಬಾಗಿಲಿಗೆ ಒರಗಿದ್ದ ಮೈ ಅವನ ಕಾಲ ಮೇಲೆ ವಾಲಿತು, ಬಾಗಿಲ ಮೇಲೆ ಕೈ ಜಾರಿದ ಗುರುತು, ಎದ್ದು ಬರುವ ಹೊತ್ತಿಗೆ ಕಾಲು ಕೈಕೊಟ್ಟಿರಬೇಕು, ತೆವಳಿ ಬಂದು ಒರಗಿ ಕೈ ಎತ್ತಿದ್ದಾನೆ, ಗುಂಡಿಗೆ ಇನ್ನೂ ಒಂದು ಗೇಣು, ಅಷ್ಟೇ, ಮೂಲೆಯಲ್ಲಿ ಹುಂಜ ಕಾಲು ಮೇಲೆ ಮಾಡಿ ಬಿದ್ದಿದೆ, ವಾಸನೆ ಇಲ್ಲ, ಹೊಗೆ ಇಲ್ಲ, ಗೋಡೆ ಹಾಲಿನಷ್ಟು ಬಿಳಿ. ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು ಅವನಿಗೆ. ದೊಡ್ಡಪ್ಪನ ಮೂಗಿನ ಹತ್ತಿರ ಕೈ ಇಟ್ಟ, ಉಸಿರಿದೆ, ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದು ಕಟ್ಟೆಯ ಮೇಲೆ ಮಲಗಿಸಿದ, ಅಲ್ಲಿಯವರೆಗೆ ಅವನು ಮನುಷ್ಯ, ಅಲ್ಲಿಂದ ಕೂಗಬೇಕಿತ್ತು, ಕೂಗಲಿಲ್ಲ, ಒಳಗೆ ಓಡಿ ಅಗ್ಗಿಷ್ಟಿಕೆ ಎತ್ತಿದ, ಇನ್ನೂ ಬಿಸಿ, ಅಂಗಿಯ ತುದಿಯಲ್ಲಿ ಹಿಡಿದು ಜೊಂಡಿನ ಮರೆಗೆ ಒಯ್ದು ನೀರಿಗೆ ಮಗುಚಿದ, ಮತ್ತೆ ಬಂದು ಇಟ್ಟಿಗೆ, ತಗಡು, ಮತ್ತೆ ಬಂದು ಹುಂಜ, ಕೊನೆಯದಾಗಿ ಬೂದಿ ಒರೆಸಿದ, ಅದಾದ ಮೇಲೆ ಕೂಗಿದ. ಅಷ್ಟು ಹೊತ್ತೂ ದೊಡ್ಡಪ್ಪ ಕಟ್ಟೆಯ ಮೇಲೆ ಒಬ್ಬನೇ ಇದ್ದ. ಬಂದವರು ಒಲೆಯೆಲ್ಲಿ ಅಂತ ಕೇಳಲೇ ಇಲ್ಲ, ರಾತ್ರಿಯೇ ಹೊರಗಿಟ್ಟಿರುತ್ತಾನೆ, ಮಾತು ಕೊಟ್ಟಿದ್ದನಲ್ಲ, ಹುಂಜ ಎಲ್ಲಿ ಅಂತ ಅಪೊಂಡಿ ಕೇಳಿದಳು, ಬಾಗಿಲು ತೆಗೆದ ಕೂಡ್ಲೇ ಓಡಿಹೋಯ್ತು ಅಕ್ಕ ಅಂದ. ಅವಳ ಮುಖ ಬೂದಿಯಾಯಿತು.

ಆ ಮುಖ ಈಗ ಯಂತ್ರದ ಕೋಣೆಯ ಬಾಗಿಲಲ್ಲಿ ಬಂದು ನಿಂತಿದೆ. ಬೆಳಗಿನಿಂದ ಹೊರಗೆ ಕಲ್ಲಿನ ಮೇಲೆ ಕೂತು ಅಳುತ್ತಲೇ ಇದ್ದಾಳೆ, ನಾನೇ ಮಾಡ್ದೆ, ಹೆಂಡತಿ ಇಲ್ದವನನ್ನ ಒಂಟಿಯಾಗಿ ಮಲಗಿಸಿದೆ, ನಗ್ತಾ ಮಲಗಿಸಿದೆ, ಕಟ್ಟಳೆ ಮುರಿದೋರನ್ನ ಚಿರಾ ಶಾಪ ಸುಮ್ನೆ ಬಿಡುತ್ತಾ, ಒಳಗಿಂದ ಒಣಗಿಸಿ ತಿನ್ನುತ್ತೆ, ಹುಂಜಾನೇ ಹೆದರಿ ಓಡ್ತಲ್ಲ ಒಡೆರಾ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಎಷ್ಟು ಸಲ ಎದುರಿಗೆ ಹಾದುಹೋದ, ಒಂದು ಸಲ ಕುಡಿಯಲು ನೀರು ಕೂಡ ಕೊಟ್ಟ, ಥೂ. ಕೈಯಲ್ಲಿ ಫೋನು ಹಿಡಿದಿದ್ದಾಳೆ, ಅಕೆಯೊ ಮಾಡಿದ್ದಳಂತೆ, ಮಲೇರಿಯಾ ನೋಡಿದರಂತೆ, ಇಲ್ಲ, ಸಕ್ಕರೆ ನೋಡಿದರಂತೆ, ಸರಿಯಿದೆ, ಬೆರಳಿಗೆ ಚಿಮಟದಂಥದ್ದು ಹಾಕಿ ನೋಡಿದರಂತೆ, ರಕ್ತದಲ್ಲಿ ಗಾಳಿ ಚೆನ್ನಾಗಿದೆ ಅಂತ ತೋರಿಸುತ್ತಿದೆ, ಏನು ತಿಂದರು, ಏನು ಕುಡಿದರು, ಏನಾದರೂ ಗೊತ್ತಿದ್ದರೆ ಹೇಳಿ ಅಂತ ಡಾಕ್ಟರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಬೆರಳಿನ ಚಿಮಟ ಸುಳ್ಳು ಹೇಳುತ್ತದೆ, ಒಡೆರಾನಿಗೆ ಅದೂ ಗೊತ್ತು, ತಿಕಾದಲ್ಲಿ ಗ್ಯಾಸಿನ ಪಾಠ ಹೇಳಿಕೊಟ್ಟವರು ಹೇಳಿದ್ದರು, ಇದ್ದಿಲಿನ ವಿಷ ರಕ್ತದೊಳಗೆ ಗಾಳಿಯ ವೇಷ ಹಾಕಿ ಕೂತಿರುತ್ತದೆ, ಅದನ್ನು ಎಬ್ಬಿಸಲು ಆಕ್ಸಿಜನ್ ಕೊಡಬೇಕು, ಬೇಗ ಕೊಡಬೇಕು, ಆ ಒಂದು ಮಾತು ಆಸ್ಪತ್ರೆಗೆ ಬೇಕಾಗಿದೆ, ಆ ಒಂದು ಮಾತು ಇಲ್ಲಿ ಇವನ ಬಾಯೊಳಗೆ ಬೆಳಗಿನಿಂದ ಕೂತಿದೆ. ಹೇಳಿದರೆ ಮುತೂರಿ ಕೇಳಿಸಿಕೊಳ್ಳುತ್ತಾನೆ, ಖಾಯಂ ಕೆಲಸ ಹೋಯಿತು, ಹೋಗಲಿ, ಅಕೆಯೊ ಕೇಳಿಸಿಕೊಳ್ಳುತ್ತಾಳೆ, ಅದು — ಅಪೊಂಡಿ ಹೊದ್ದ ಬಟ್ಟೆಯ ತುದಿಯಿಂದ ಮೂಗೊರೆಸಿಕೊಂಡಳು, ಚಿರಾಕ್ಕೆ ಸೊಪ್ಪು ಕಾಯಿಸಿಕೊಂಡು ಹೊರಟಿದ್ದೀನಿ, ಬಾಯಿಗೆ ಹೊಯ್ತೀನಿ, ಎಲ್ಲಾ ನನ್ನ ತಪ್ಪು ಅಂತ ಅಕೆಯೊ ಕಾಲಿಗೆ ಬೀಳ್ತೀನಿ ಅಂದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿದಳು. ನಿನ್ನ ದೊಡ್ಡಪ್ಪ ಬಲಗೈ ಎತ್ತಿ ಎತ್ತಿ ಗಾಳೀನ ತಳ್ತಿದ್ದಾನಂತೆ ಕಣೋ, ಕಣ್ಣು ಮುಚ್ಚೇ ಇದೆ, ಅಂಗೈ ಮುಂದೆ ಮಾಡಿ ತಳ್ತಾನೆ, ಬಿಡ್ತಾನೆ, ತಳ್ತಾನೆ, ಸತ್ತ ಹೆಂಡ್ತಿ ಬಾಗಿಲಲ್ಲಿ ನಿಂತು ಕರೀತಿದ್ದಾಳೆ, ಅವಳನ್ನ ತಳ್ತಿದ್ದಾನೆ ಪಾಪ.

ಅಂಗೈಯಿಂದ. ಜೋರಾಗಿ. ಇನ್ನೊಂದ್ಸಲ. ಫೋನು ಕೊಡಕ್ಕ, ಅಂದ, ಅಪೊಂಡಿ ಕೊಡುವ ಮೊದಲೇ ಕಿತ್ತುಕೊಂಡ, ಅಕೆಯೊಗೆ ಮಾಡಿದ, ಯಂತ್ರದ ಸದ್ದಿಗೆ ಏನೂ ಕೇಳಿಸುತ್ತಿಲ್ಲ, ಹೊರಗೆ ಬಂದ, ಮುತೂರಿ ಹಿಂದೆಯೇ ಬಂದ, ಬರಲಿ, ಬಿಸಿಲು, ನೀರಿನ ಮೇಲೆ ಬೆಳಕು ಕುಣಿಯುತ್ತಿದೆ, ಅಕೆಯೊ, ಡಾಕ್ಟರಿಗೆ ಕೊಡು, ಪ್ರಶ್ನೆ ಬೇಡ, ಕೊಡು. ಆ ಕಡೆ ಒಬ್ಬ ಹೆಣ್ಣುಮಗಳ ದನಿ, ದಣಿದ ದನಿ, ಹೇಳಿ. ಇದ್ದಿಲ ಕೆಂಡ ಇತ್ತು ಮೇಡಂ ಒಳಗೆ, ರಾತ್ರಿಯಿಡೀ ಇತ್ತು, ಗಾಳಿ ಹೋಗೋಕೆ ದಾರಿ ಇರ್ಲಿಲ್ಲ, ಬಾಗಿಲು ಹಾಕಿತ್ತು, ಹಾಕಿತ್ತು ಅಲ್ಲ, ನಾನು ಹಾಕಿದ್ದೆ. ಅವಳು ಬೈಯಲಿಲ್ಲ, ಯಾರಿಗೋ ಆಕ್ಸಿಜನ್ ತನ್ನಿ ಅಂದಳು, ಓಡುವ ಚಪ್ಪಲಿಯ ಸದ್ದು, ಮತ್ತೆ ಫೋನಿಗೆ ಬಂದು, ಇದನ್ನ ಯಾರಾದ್ರೂ ಬೆಳಗ್ಗೆನೇ ಹೇಳ್ಬೇಕಿತ್ತು, ಮೆದುಳು ಎಷ್ಟು ಉಳಿಯುತ್ತೆ ಈಗ ಹೇಳಕ್ಕಾಗಲ್ಲ ಅಂದಳು. ಯಾರಾದರೂ. ಮುತೂರಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಾನೆ, ಒಡೆರಾನ ಸೊಂಟದ ಕೀಗೊಂಚಲಿಗೆ ಕೈ ಚಾಚಿದ, ಹೋಗು, ಯಂತ್ರ ನಾನು ನೋಡ್ಕೋತೀನಿ ಅಂದ. ಅಪೊಂಡಿಯ ಅಳು ನಿಂತಿದೆ. ಅವಳು ನೋಡುತ್ತಿದ್ದಾಳೆ, ಒಡೆರಾನನ್ನು ಯಾವತ್ತೂ ನೋಡದಿದ್ದ ಹಾಗೆ ನೋಡುತ್ತಿದ್ದಾಳೆ, ಬೆಳಗಿನಿಂದ ನಾನು ಅಳೋದನ್ನ ನೋಡ್ಕೊಂಡು ನಿಂತಿದ್ಯಲ್ಲೋ, ನೀರು ಬೇರೆ ಕೊಟ್ಟೆ ನಂಗೆ. ಹೌದಕ್ಕ. ಫೋನಿನಲ್ಲಿ ಈಗ ಅಕೆಯೊ, ಅವಳೂ ಎಲ್ಲ ಕೇಳಿಸಿಕೊಂಡಿದ್ದಾಳೆ, ಅಣ್ಣ ಅನ್ನಲಿಲ್ಲ, ಅಲ್ಲಿ ಆಗುತ್ತಿರುವುದನ್ನು ಮಾತ್ರ ಹೇಳುತ್ತಿದ್ದಾಳೆ, ಮಾಸ್ಕ್ ಹಾಕಿದ್ರು, ಅದರ ಪಟ್ಟಿ ಬಿಗಿ ಮಾಡ್ತಿದ್ದಾರೆ, ಅಪ್ಪನ ಎದೆ ಏಳ್ತಿದೆ, ಇಳೀತಿದೆ. ಆಮೇಲೆ, ಕೈ ತಳ್ಳೋದು ನಿಲ್ಲಿಸ್ತು ಅಂದಳು. ನಿಲ್ಲಿಸ್ತು ಅಂದರೆ ಏನು, ಅಕೆಯೊ, ನಿಲ್ಲಿಸ್ತು ಅಂದರೆ ಏನು, ಅವಳು ಮಾತಾಡುತ್ತಿಲ್ಲ, ಬಾಗಿಲು ತೆರೆಯಿತೋ, ತಳ್ಳಿ ತಳ್ಳಿ ಸಾಕಾಯಿತೋ, ರಸ್ತೆಯ ಕಡೆ ಓಡಬೇಕು, ಬಿಸಿಲಿದೆ, ಇಷ್ಟೊಂದು ಬಿಸಿಲಿದೆ, ಆದರೂ ಎದುರಿಗೆ ಹಸಿರು ಗುಂಡಿ, ಅದರ ಕೆಳಗೆ ಒಂದು ಗೇಣು ಬಿಟ್ಟು ಕೈ, ಹಸಿರು ಗುಂಡಿ, ಒಂದು ಗೇಣು, ಕೈ.